ಕಾವೇರಿಯ ಪಾಲಿನ ಈಡು

ಮಗಳ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪ ಉಜ್ಜುತ್ತಿದ್ದೆ. ಕೆಲವು ವರ್ಷಗಳ ಮೇಲೆ ಮತ್ತೆ ಹೊಕ್ಕೈಡೋಗೆ ಬಂದಿದ್ದೇನೆ. ಜಪಾನಿನ ಭೂಪಟದಲ್ಲಿ ಎಲ್ಲಕ್ಕಿಂತ ಮೇಲೆ, ತಲೆಯ ಹಾಗೆ ಕೂತಿರುವ ಚಳಿಯ ದ್ವೀಪ ಇದು. ಮಗಳು ಪೂವಿ ದೀಪ ಇಟ್ಟುಕೊಂಡಿದ್ದಾಳೆ, ನೆನಪಾದ ದಿನ ಹಚ್ಚುತ್ತಾಳೆ, ಉಜ್ಜುವುದು ಮಾತ್ರ ಅವಳ ಜಾತಕದಲ್ಲಿಲ್ಲ. ಹುಳಿಯೂ ಕಿಲುಬೂ ಸೇರಿದ ಆ ವಾಸನೆ ಮೂಗಿಗೆ ಬಡಿದಾಗ ನನಗೆ ದೇವರು ನೆನಪಾಗಲಿಲ್ಲ. ಟಕೆದಾ ಸಾನ್ ಅವರ ಖಾಲಿ ತೋಟೆಗಳು ನೆನಪಾದವು. ತೋಟೆ ಎಂದರೆ ಕೋವಿಗೆ ಹಾಕುವ ತೋಟೆ. ಒಂದು ಚಳಿಗಾಲವಿಡೀ ಈ ಮನೆಯ ಮಾತೆಲ್ಲ ಅದರ ಸುತ್ತಲೇ ಸುತ್ತುತ್ತಿತ್ತು.

ಅದು ಕೊರೋನಾ ಬಂದ ಮೊದಲ ವರ್ಷ. ಪೂವಿಯ ಬಾಣಂತನಕ್ಕೆಂದು ನಾನು ಕೊಡಗಿನಿಂದ ಹೊರಟಾಗ ವಿಮಾನದಲ್ಲಿ ಅರ್ಧ ಜನ ಮೂಗು ಮುಚ್ಚಿಕೊಂಡಿದ್ದರು, ಉಳಿದರ್ಧ ಜನ ಅವರನ್ನು ನೋಡಿ ನಗುತ್ತಿದ್ದರು. ನಾನು ಬಂದಿಳಿದ ಮೇಲೆ ಹಿಂದಿನಿಂದ ಎಲ್ಲ ಬಾಗಿಲೂ ಮುಚ್ಚಿದವು. ಬೇಸಿಗೆಗೆ ವಾಪಸಾಗಬೇಕಾದವಳು ಇಲ್ಲೇ ಉಳಿದೆ. ಪೂವಿ ಇಲ್ಲಿನ ಕೃಷಿ ಕಾಲೇಜೊಂದರಲ್ಲಿ ದನಗಳ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಾಳೆ. ಅಳಿಯ ಶಶಾಂಕ ಬೆಂಗಳೂರಿನ ಹುಡುಗ, ಮೊಟ್ಟೆಯನ್ನೂ ಮುಟ್ಟದವನು. ಅವನ ಕೆಲಸ ದೂರದ ನಗೋಯಾದ ಕಾರಿನ ಕಾರ್ಖಾನೆಯಲ್ಲಿ. ಆ ವರ್ಷ ಅವನು ಹೆಚ್ಚಾಗಿ ಫೋನಿನೊಳಗೇ ವಾಸವಾಗಿದ್ದ.

ಹೊರಗೆ ಹಿಮ ಕರಗುತ್ತಿದ್ದ ಕಾಲದಲ್ಲಿ ಕಾವೇರಿ ಹುಟ್ಟಿದಳು. ನನ್ನನ್ನು ಆಸ್ಪತ್ರೆಯ ಗಾಜಿನ ಬಾಗಿಲು ದಾಟಲು ಬಿಡಲಿಲ್ಲ. ಅಳಿಯನಿಗೂ ಪ್ರವೇಶವಿಲ್ಲ. ಪೂವಿ ಒಬ್ಬಳೇ ಹೆತ್ತಳು, ಒಬ್ಬಳೇ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಮನೆಗೆ ಬಂದ ಮೇಲೂ ನೋಡಲು ಒಂದು ನರಪಿಳ್ಳೆ ಬರಲಿಲ್ಲ. ಎದುರು ಮನೆಯವರು ಬಾಗಿಲ ಹಿಡಿಗೆ ಒಂದು ಚೀಲ ನೇತುಹಾಕಿ, ಗಂಟೆ ಒತ್ತಿ, ಸರಸರನೆ ಹೊರಟುಹೋದರು. ಒಳಗೆ ಡಯಾಪರು, ಮೇಲೆ ಒಂದು ಚೀಟಿ. ಒಳ್ಳೆಯ ಜನವೇ. ಆದರೆ ಮನೆಯಲ್ಲಿ ಮಗು ಹುಟ್ಟಿದೆಯೋ, ಬೆಕ್ಕು ಮರಿ ಹಾಕಿದೆಯೋ ಎಂದು ಹೇಳಲಾಗದಷ್ಟು ನಿಶ್ಶಬ್ದ. ಅದು ನನಗೆ ಸರಿಬರಲಿಲ್ಲ.

ನಮ್ಮಲ್ಲಿ ಹಾಗಲ್ಲ. ನಾವು ಕೊಡವರು. ಮನೆಯಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಹೊಡೆಯುತ್ತಾರೆ. ಸತ್ತರೆ ಎರಡು. ಕೇಳಿದವರು ಎಣಿಸಿಕೊಂಡು, ಸಂತೋಷಕ್ಕೋ ದುಃಖಕ್ಕೋ ತಕ್ಕ ಮುಖ ಹೊತ್ತು ಬರುತ್ತಾರೆ. ಹೆಣ್ಣಾದರೆ ಹೊಡೆಯುವ ವಾಡಿಕೆ ಇಲ್ಲ. ನಾನು ಹುಟ್ಟಿದಾಗ ನನ್ನ ಅಜ್ಜ, "ಒಂದು ತೋಟೆ ಉಳೀತು" ಎಂದು ಹೇಳಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡರಂತೆ. ಪೂವಿ ಹುಟ್ಟಿದಾಗಲೂ ಹೊಡೆಯಲಿಲ್ಲ, ನಾನೂ ಕೇಳಲಿಲ್ಲ. ಈ ಮಗುವಿಗೆ ಮಾತ್ರ ಹೊಡೆಸಲೇಬೇಕು ಎಂದು ನನಗೆ ಹಟ ಹಿಡಿಯಿತು. ಇಲ್ಲಿ ಬೇಡ ಎನ್ನುವ ಅಜ್ಜಂದಿರು ಯಾರೂ ಇರಲಿಲ್ಲ. ಮನೆಗೆ ಹಿರಿಯಳು ನಾನೇ.

ಪೂವಿಗೆ ಹೇಳಿದೆ. ಹಾಲು ಕುಡಿಸುತ್ತಿದ್ದವಳು ತಲೆ ಎತ್ತಿ ನೋಡಿದಳು.

"ಅವ್ವ, ಇದು ಜಪಾನ್. ಇಲ್ಲಿ ಪೊಲೀಸರೇ ಗುಂಡು ಹೊಡೆಯಲ್ಲ."

ಅಳಿಯ ಫೋನಿನೊಳಗಿಂದ ಬಾಯಿ ಹಾಕಿದ. "ಅತ್ತೆ, ಗನ್ ಶಾಟ್ ಸೌಂಡ್ ಆನ್‌ಲೈನಲ್ಲಿ ಸಿಗುತ್ತೆ. ಬ್ಲೂಟೂತ್ ಸ್ಪೀಕರಿಗೆ ಕನೆಕ್ಟ್ ಮಾಡಿ ಫುಲ್ ವಾಲ್ಯೂಮ್ ಕೊಟ್ಬಿಡೋಣ."

"ನಿನ್ನ ಮದುವೆ ಊಟಾನೂ ಫೋನಲ್ಲೇ ಬಡಿಸಬೇಕಿತ್ತು ನಾನು" ಅಂದೆ.

ಅವನು ನಕ್ಕ. ಒಳ್ಳೆಯ ಹುಡುಗ, ಏನು ಹೇಳಿದರೂ ನಗುತ್ತಾನೆ. ಆದರೆ ಕೆಲಸ ಆಗಲಿಲ್ಲ.

ಬೇಸಿಗೆಯಲ್ಲಿ ನಾನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಲೂಗಡ್ಡೆ ಹೊಲದ ಬದುವಿನಲ್ಲಿ ತಿರುಗಾಡುತ್ತಿದ್ದೆ. ಮನೆಯ ಹಿಂದೆಯೇ ಆ ಹೊಲ, ಅದರಾಚೆ ಒಂದು ಕೆಂಪು ತಗಡಿನ ಕೊಟ್ಟಿಗೆ. ಮೊದಲು ಹಸು ಇದ್ದವಂತೆ, ಈಗ ಇಲ್ಲ. ಒಂದು ದಿನ ಬಾಗಿಲು ತೆರೆದಿತ್ತು. ಒಳಗೆ ಮೇಜಿನ ಮುಂದೆ ಒಬ್ಬ ಮುದುಕರು, ಅಗಲ ಭುಜ, ತಲೆಗೆ ಕಟ್ಟಿದ ಟವೆಲು. ಮೇಜಿನ ಮೇಲೆ ಮರದ ಹಲಗೆ, ಹಲಗೆಯ ಗುಂಡಿಗಳಲ್ಲಿ ನಿಲ್ಲಿಸಿದ ಖಾಲಿ ತೋಟೆಗಳು. ನಾನು ಅಲ್ಲೇ ನಿಂತೆ. ಒಂದೊಂದೂ ನನ್ನ ನಡುಬೆರಳಿನಷ್ಟು ಉದ್ದ. ಬುಡದಲ್ಲಿ ಬಳೆ ತೊಡಿಸಿದ ಹಾಗೆ ಒಂದು ದಪ್ಪ ಪಟ್ಟಿ. ಆ ಬಳೆಯನ್ನು ನಾನು ಮರೆಯುವುದುಂಟೇ.

"ತ್ರೀ ಸೆವೆಂಟಿ ಫೈವ್" ಅಂದೆ.

ಮುದುಕರು ಎದ್ದು ನಿಂತರು. ಸೀರೆ ಉಟ್ಟು, ಬೆನ್ನಿಗೆ ಮಗು ಕಟ್ಟಿ, ಬಾಯಿಗೆ ಮಾಸ್ಕ್ ಹಾಕಿದ ಮುದುಕಿಯೊಬ್ಬಳು ಬಂದು ತಮ್ಮ ಕೋವಿಯ ಹೆಸರು ಹೇಳಿದರೆ ಯಾರಾದರೂ ಏಳಲೇಬೇಕು. ಅವರೇ ಟಕೆದಾ ಸಾನ್. ಸಾನ್ ಎಂದರೆ ಇಲ್ಲಿನವರ ಮರ್ಯಾದೆಯ ಮಾತು, ನಮ್ಮ 'ಅವರು' ಇದ್ದ ಹಾಗೆ.

ಆ ತೋಟೆ ನನಗೆ ಗೊತ್ತಿರುವುದು ಅಪ್ಪನಿಂದ. ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಬಿಳಿ ದೊರೆ ಎಸ್ಟೇಟ್ ಮಾರಿ ತನ್ನ ದೇಶಕ್ಕೆ ಹೋಗುವಾಗ ಕೋವಿಯನ್ನು ಬಿಟ್ಟುಹೋದ. ಆನೆಯನ್ನು ಕೆಡಹುವ ಕೋವಿ. ಅಪ್ಪ ಅದನ್ನು ತ್ರೀ ಸೆವೆಂಟಿ ಫೈವ್ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಅದು ಗುಂಡಿನ ಅಳತೆ ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಅಲ್ಲಿಯವರೆಗೆ ದೊರೆಯ ಹೆಸರೆಂದೇ ತಿಳಿದಿದ್ದೆ. ಹೊರದೇಶದಿಂದ ತೋಟೆ ಬರುವುದು ನಿಂತುಹೋದಾಗ, ಹಾರಿಸಿದ ಖಾಲಿ ತೋಟೆಗೇ ಕಿಡಿ ಹಾರಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಒತ್ತಿ, ಅಪ್ಪನೇ ಮತ್ತೆ ತುಂಬುತ್ತಿದ್ದರು. ಆ ಹೊತ್ತಿನಲ್ಲಿ ಹತ್ತಿರ ಯಾರೂ ಬೀಡಿ ಹಚ್ಚುವಂತಿಲ್ಲ, ಮಾತಾಡುವಂತಿಲ್ಲ. ಮದ್ದು ಸ್ವಲ್ಪ ಕಡಿಮೆಯಾದರೆ ಹಂದಿ ನಮ್ಮ ಮೇಲೇ ತಿರುಗುತ್ತದೆ, ಹೆಚ್ಚಾದರೆ ಕೋವಿ ಮುಖದ ಮೇಲೇ ಒಡೆಯುತ್ತದೆ. ಖಾಲಿ ತೋಟೆಯ ಹೊಗೆಮಸಿ ತೊಳೆಯುವುದು ಮಾತ್ರ ನನ್ನ ಪಾಲಿನ ಕೆಲಸ. ಹುಣಸೆ ನೀರಿನಲ್ಲಿ ಅದ್ದಬೇಕು, ಅಪ್ಪ ಸಾಕು ಎಂದಾಗ ತೆಗೆಯಬೇಕು, ತೊಳೆದು ಬಿಸಿಲಿಗಿಡಬೇಕು. ನಾನು ಶಾಲೆಗೆ ಹೋದದ್ದು ಐದನೇ ತರಗತಿಯವರೆಗೆ. ಅಲ್ಲಿ ಕಲಿತದ್ದಕ್ಕಿಂತ ಇದು ಹೆಚ್ಚು ನೆನಪಿದೆ.

ಮಾರನೆಯ ದಿನದಿಂದ ಟಕೆದಾ ಸಾನ್ ಕೊಟ್ಟಿಗೆಯ ಬಾಗಿಲ ಬಳಿ ನನಗೊಂದು ಸ್ಟೂಲು ಹಾಕಿದರು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ನೆಲಕ್ಕೆ ಹಳದಿ ಟೇಪು ಅಂಟಿಸಿದರು. ಅದನ್ನು ನಾನು ದಾಟಬಾರದು. ಈ ದೇಶದಲ್ಲಿ ಒಬ್ಬರ ಕೋವಿಯನ್ನು ಇನ್ನೊಬ್ಬರು ಮುಟ್ಟುವುದೂ ಅಪರಾಧ, ಹೆಂಡತಿಯೂ ಮುಟ್ಟುವಂತಿಲ್ಲವಂತೆ. ಕೋವಿಗೆ ಒಂದು ಕಬ್ಬಿಣದ ಬೀರು, ತೋಟೆಗೆ ಬೇರೆ ಪೆಟ್ಟಿಗೆ, ಎರಡಕ್ಕೂ ಬೇರೆ ಬೇರೆ ಬೀಗ. ಮದ್ದು ತೆಗೆಯುವ ಮುಂಚೆ ಅವರು ಸ್ಟೌ ಆರಿಸಿ, ಕಿಟಕಿ ತೆರೆದು, ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಒಂದೊಂದು ತೋಟೆಯನ್ನೂ ತುಂಬಿದ ಮೇಲೆ ಬೆಳಕಿಗೆ ಹಿಡಿದು ತಿರುಗಿಸಿ ನೋಡುವುದು, ಅಪ್ಪ ನೋಡುತ್ತಿದ್ದ ಹಾಗೆಯೇ. ಗುಂಡು ಮಾತ್ರ ಸೀಸದ್ದಲ್ಲ, ತಾಮ್ರದ್ದು. ಸೀಸದ ಗುಂಡು ತಗುಲಿದ ಜಿಂಕೆಯ ಉಳಿಕೆ ತಿಂದು ಹದ್ದುಗಳು ಸಾಯುತ್ತವೆಂದು ಇಲ್ಲಿ ಸೀಸ ನಿಷೇಧವಂತೆ. ಕರಡಿ ಬಂದರೂ ಇರಲಿ ಎಂದು ಇಷ್ಟು ದೊಡ್ಡ ಕೋವಿ ಇಟ್ಟುಕೊಂಡಿದ್ದಾರೆ, ಹೊಡೆಯುವುದು ಬೀಟ್ ಗಡ್ಡೆಯ ಹೊಲ ಮೇಯುವ ಜಿಂಕೆಗಳನ್ನು. ಇದನ್ನೆಲ್ಲ ಪೂವಿ ಬಂದಾಗ ಕೇಳಿ ತಿಳಿದದ್ದು. ಅವಳಿಲ್ಲದಾಗ ನಮಗೆ ಭಾಷೆಯೇ ಇಲ್ಲ. ಅವರು ತುಂಬುವುದು, ನಾನು ನೋಡುವುದು. ಅಷ್ಟರಲ್ಲೇ ಸುಖವಾಗಿದ್ದೆವು.

ಸುಮ್ಮನೆ ಕೂತು ನೋಡಿ ನನಗೆ ಅಭ್ಯಾಸವಿಲ್ಲ. ಒಂದು ದಿನ ಮಸಿ ಹಿಡಿದ ತೋಟೆಗಳ ಡಬ್ಬಿ ತೋರಿಸಿ, ಕೈಯಲ್ಲಿ ಉಜ್ಜುವ ಸನ್ನೆ ಮಾಡಿ, ನನ್ನ ಎದೆ ಮುಟ್ಟಿಕೊಂಡೆ. ಕೊಡಿ, ನಾನು ತೊಳೆದು ತರುತ್ತೇನೆ ಎಂದು. ಅವರು ಡಬ್ಬಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಎರಡು ಕೈಯಲ್ಲೂ ಹಿಡಿದು ಬಗ್ಗಿ ಕೊಟ್ಟರು. ಮನೆಗೆ ತಂದು ಹುಣಸೆ ಕಿವುಚಿ ಮುಳುಗಿಸಿಟ್ಟೆ. ಅಷ್ಟರಲ್ಲಿ ಕಾವೇರಿಗೆ ಮೈ ಬಿಸಿಯಾಯಿತು. ಆ ವರ್ಷ ಮೈ ಬಿಸಿಯಾದರೆ ಏನೆಲ್ಲ ನೆನಪಾಗುತ್ತಿತ್ತೆಂದು ಹೇಳಬೇಕಿಲ್ಲ. ಪೂವಿ ಆಸ್ಪತ್ರೆಗೆ ಫೋನ್ ಮೇಲೆ ಫೋನ್ ಮಾಡಿದಳು. ಕೊನೆಗೆ ಹಲ್ಲು ಬರುವ ಜ್ವರ ಎಂದು ತಿಳಿದು ಎಲ್ಲರೂ ಮಲಗಿದೆವು. ಸಾಕು ಎನ್ನಲು ಅಪ್ಪ ಇರಲಿಲ್ಲ. ಮಾರನೆಯ ಬೆಳಿಗ್ಗೆ ಪಾತ್ರೆ ತೆರೆದರೆ ಹಿತ್ತಾಳೆಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿ, ಮದುವೆಯ ಹೆಣ್ಣಿನ ಕೆನ್ನೆಯ ಹಾಗೆ ಹೊಳೆಯುತ್ತಿತ್ತು. ಚೆನ್ನಾಗಿದೆ ಎಂದೇ ಕೊಂಡೊಯ್ದೆ.

ಟಕೆದಾ ಸಾನ್ ಒಂದನ್ನು ಎತ್ತಿ ಕಿಟಕಿಯ ಬಳಿ ಹಿಡಿದರು. ಬಹಳ ಹೊತ್ತು ನೋಡಿದರು. "ಕಿರೇಯಿ ದೆಸು ನೇ" ಅಂದರು. ಚಂದವಾಗಿದೆ ಎಂದರ್ಥ. ಎಲ್ಲವನ್ನೂ ಕಿಟಕಿಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದರು, ಮತ್ತೆ ಮುಟ್ಟಲಿಲ್ಲ.

ವಾರ ಕಳೆದ ಮೇಲೆ ಪೂವಿ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಅವ್ವ, ಆ ತೋಟೆಗಳನ್ನ ಏನು ಮಾಡಿದೆ ನೀನು?"

"ತೊಳೆದೆ."

"ಹುಳೀಲಿ ರಾತ್ರಿಯೆಲ್ಲ ಬಿಟ್ಟರೆ ಹಿತ್ತಾಳೆಯೊಳಗಿನ ಸತು ಬಿಟ್ಟೋಗುತ್ತಂತೆ. ಪೊಳ್ಳಾಗುತ್ತೆ. ಅದರಲ್ಲಿ ತುಂಬಿ ಹೊಡೆದರೆ ಒಡೆಯುತ್ತೆ. ಹೊಸದು ತರಿಸೋಣ ಅಂದ್ರೆ ಕೊರೋನಾದಿಂದ ಸ್ಟಾಕೇ ಬರ್ತಿಲ್ವಂತೆ. ಈಗ ತುಂಬಿಟ್ಟಿರೋ ಒಂದು ಹಿಡಿ ಅಷ್ಟೇ ಇರೋದು ಅವರ ಹತ್ರ. ನಾನೇ ಬಲವಂತ ಮಾಡಿ ಕೇಳಿದ್ದಕ್ಕೆ ಹೇಳಿದ್ರು."

"ಕೊಡೋವಾಗ ಬೇಡ ಅನ್ನಲು ಅವರಿಗೆ ಬಾಯಿರಲಿಲ್ವ?"

"ಅವರು ಬೇಡ ಅನ್ನಲ್ಲ ಅವ್ವ. ಇಲ್ಲಿ ಯಾರೂ ಮುಖದ ಮೇಲೆ ಬೇಡ ಅನ್ನಲ್ಲ. ನಾವೇ ತಿಳ್ಕೋಬೇಕು."

ಇದೊಳ್ಳೆ ಕಥೆ. ಕೆಡಿಸಿದವಳು ನಾನು, ಸರಿ. ನಾನು ಹೋಗಿ ತಲೆ ತಗ್ಗಿಸಿ ಸುಮಿಮಾಸೆನ್, ಕ್ಷಮಿಸಿ, ಅಂದೆ. ಅವರು ನನಗಿಂತ ಹೆಚ್ಚು ಬಗ್ಗಿ ಅದನ್ನೇ ಅಂದರು. ಯಾಕೆಂದು ನನಗೆ ಈಗಲೂ ಗೊತ್ತಿಲ್ಲ.

ಸೆಪ್ಟೆಂಬರಿನಲ್ಲಿ ನಮ್ಮ ಕೈಲ್ ಪೊಳ್ದ್ ಬಂತು. ಕೊಡವರ ಆಯುಧ ಪೂಜೆ ಅದು, ಕೋವಿಗೆ ಹೂವಿಟ್ಟು ಕೈಮುಗಿಯುತ್ತೇವೆ. ಪೂವಿಯನ್ನು ಕರೆದುಕೊಂಡು ಕೊಟ್ಟಿಗೆಗೆ ಹೋದೆ. ಹಳದಿ ಟೇಪಿನ ಈಚೆ ನಿಂತು ನಾನು ಹೇಳುತ್ತ ಹೋದೆ, ಪೂವಿ ತಿರುಗಿಸಿ ಹೇಳಿದಳು, ಟಕೆದಾ ಸಾನ್ ತಾವೇ ಕೋವಿಯನ್ನು ಮೇಜಿನ ಮೇಲೆ ಮಲಗಿಸಿ ನಳಿಗೆಯ ತುದಿಗೆ ಒಂದು ಕಾಸ್ಮೊಸ್ ಹೂವಿಟ್ಟರು. ಕೈಜೋಡಿಸಿ ನಿಂತರು. ಕೆಲಸ ಚೊಕ್ಕವಾಗಿತ್ತು. ಇದೇ ಒಳ್ಳೆಯ ಗಳಿಗೆ ಎಂದು ನಾನು ಮಗುವಿನ ಈಡಿನ ಮಾತು ತೆಗೆದೆ. ನಾನು ಹೇಳಿದ್ದು ಒಂದು ಹರದಾರಿ, ಪೂವಿ ಹೇಳಿದ್ದು ಗೇಣುದ್ದ. ಅವರು ನಕ್ಕು ಅರಿಗಾತೋ, ಧನ್ಯವಾದ, ಅಂದರು.

ದಾರಿಯಲ್ಲಿ ಕೇಳಿದೆ. "ಏನಂದೆ ಅವರಿಗೆ?"

"ಹೂವಿಟ್ಟಿದ್ದಕ್ಕೆ ಥ್ಯಾಂಕ್ಸ್ ಅಂದೆ."

"ಈಡಿನ ವಿಷಯ?"

"ಅದು ಹೇಳಲಿಲ್ಲ. ಹೇಳಲ್ಲ. ಆಕಾಶಕ್ಕೆ ಹೊಡೆದರೆ ಅವರ ಲೈಸೆನ್ಸ್ ಹೋಗುತ್ತೆ, ಜೈಲಾದ್ರೂ ಆಗಬಹುದು. ನೀನು ಕೇಳಿದ್ರೆ ಅವರು ಇಲ್ಲ ಅನ್ನಲ್ಲ. ತೋಟೆ ಕೆಡಿಸಿದ್ದು ಸಾಲದಾ?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ನನಗೆ ಸಮಾಧಾನವಾಗಲಿಲ್ಲ. ಇನ್ನೊಂದು ವಿಷಯವೂ ಕಿವಿಗೆ ಬಿದ್ದಿತ್ತು. ಟಕೆದಾ ಸಾನ್ ಅವರಿಗೆ ಕಣ್ಣು ಮೊದಲಿನ ಹಾಗಿಲ್ಲ, ಈ ಚಳಿಗಾಲ ಮುಗಿದರೆ ಕೋವಿಯನ್ನು ಪೊಲೀಸರಿಗೆ ಒಪ್ಪಿಸುತ್ತಾರಂತೆ. ಅಂದರೆ ಕಾವೇರಿಗೆ ಈಡು ಈ ಚಳಿಗಾಲದಲ್ಲಿ, ಇಲ್ಲವೆಂದರೆ ಇಲ್ಲ.

ಮಗಳು ಕಾಲೇಜಿಗೆ ಹೋದ ಹೊತ್ತಿನಲ್ಲಿ ನಾನೇ ಹೋದೆ. ಮಗುವನ್ನು ತೋರಿಸಿದೆ, ಬೀರು ತೋರಿಸಿದೆ, ಕೈಯನ್ನೇ ಕೋವಿ ಮಾಡಿ ಆಕಾಶಕ್ಕೆ ಹಿಡಿದೆ, ಒಂದು ಬೆರಳೆತ್ತಿ "ಢಂ" ಅಂದೆ. ಮತ್ತೆ ಮಗುವಿನ ತಲೆ ಸವರಿದೆ. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲೇ ಕಂಡಿತು. ಮುಂಗೈ ಎರಡನ್ನೂ ಕತ್ತರಿಯಾಗಿಸಿ ಎದೆಯ ಮುಂದೆ ಹಿಡಿದು, "ದಮೆ" ಅಂದರು.

ಕೂಡದು ಎಂದರ್ಥ. ಅಷ್ಟು ಜಪಾನೀಸ್ ನನಗೂ ಬರುತ್ತಿತ್ತು, ದಿನಾ ನಾನು ಫ್ರಿಜ್ಜು ತೆರೆದಾಗ ಪೂವಿ ಹೇಳುತ್ತಿದ್ದ ಮಾತು. ನನಗೆ ಬೇಸರವಾಗಬೇಕಿತ್ತು, ಆಗಲಿಲ್ಲ. ಬೇಡ ಎನ್ನುವ ಬಾಯಿ ಇವರಿಗೂ ಇದೆಯಲ್ಲ ಎಂದು ಖುಷಿಯೇ ಆಯಿತು. ಬೇಡ ಎಂದು ನೇರವಾಗಿ ಹೇಳುವವರ ಹೌದನ್ನು ನಂಬಬಹುದು.

ಅಕ್ಟೋಬರಿನಲ್ಲಿ ಬೇಟೆಯ ಕಾಲ ಶುರುವಾಯಿತು. ಒಂದು ಭಾನುವಾರ ಟಕೆದಾ ಸಾನ್ ತಾವಾಗಿಯೇ ನಮ್ಮ ಬಾಗಿಲಿಗೆ ಬಂದರು. ಮಾಸ್ಕ್ ಹಾಕಿ, ಹೊಸ್ತಿಲಾಚೆ ನಿಂತು ಪೂವಿಯ ಜೊತೆ ಬಹಳ ಹೊತ್ತು ಮಾತಾಡಿದರು. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ನನ್ನ ಕಡೆ ತಿರುಗಿತು.

"ನೀನು ಹೋಗಿ ಕೇಳಿದ್ಯಾ?"

"ಕೇಳಿದೆ. ಇಲ್ಲ ಅಂದರು. ಮುಗೀತಲ್ಲ."

"ಮುಗಿದಿಲ್ಲ. ಆಕಾಶಕ್ಕೆ ಹೊಡೆಯಕ್ಕಾಗಲ್ಲ, ಜಿಂಕೆಗೆ ಹೊಡೆಯಬಹುದು ಅಂತಾರೆ. ಹೇಗೂ ಹೊಡೀಲೇಬೇಕಲ್ಲ. ಮಗು ಅಲ್ಲಿದ್ದರೆ, ಆ ಈಡು ಅವಳಿಗೆ ಅಂತ ಅಂದುಕೊಂಡರೆ ನಿಮ್ಮ ಪದ್ಧತೀಲಿ ನಡೆಯುತ್ತಾ ಅಂತ ಕೇಳ್ತಿದಾರೆ."

ನಡೆಯುತ್ತದೆಯೋ ಇಲ್ಲವೋ ಹೇಳುವವರು ಯಾರು? ನಾನೇ. "ನಡೆಯುತ್ತೆ ಅನ್ನು" ಅಂದೆ.

"ಆದ್ರೆ ನಾನು ಕಾವೇರೀನ ಕರ್ಕೊಂಡು ಬರಲ್ಲ" ಅಂದಳು ಪೂವಿ. "ಆ ಸದ್ದಿಗೆ ಅವಳ ಕಿವಿ ಏನಾಗಬೇಕು? ಚಳಿ ಬೇರೆ."

ಇದನ್ನು ಅವಳು ಅವರಿಗೂ ಹೇಳಿದಳು. ಅವರು ತಲೆಯಾಡಿಸಿ ಹೋದರು. ಹತ್ತು ಹನ್ನೆರಡು ದಿನದ ಮೇಲೆ ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಮಕ್ಕಳ ಕಿವಿಗೆ ಹಾಕುವ ಸದ್ದು ತಡೆಯುವ ದಪ್ಪ ಕಿವಿಮುಚ್ಚಿ, ಗುಲಾಬಿ ಬಣ್ಣದ್ದು, ಪೋಸ್ಟಿನಲ್ಲಿ ತರಿಸಿದ್ದು. ಪೂವಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಹೂಂ ಎನ್ನಲಿಲ್ಲ, ಆದರೆ ವಾಪಸು ಕೊಡಲೂ ಇಲ್ಲ. ರಾತ್ರಿ ಊಟದ ಹೊತ್ತಿಗೆ, "ಕಾರಿನ ಗಾಜು ಏರಿಸೇ ಇರಬೇಕು, ಹತ್ರ ಹೋಗಬಾರದು" ಅಂದಳು. ಅದೇ ಅವಳ ಹೂಂ.

ಮೊದಲ ಸಲ ಹೋದದ್ದು ನವೆಂಬರಿನಲ್ಲಿ. ಸೂರ್ಯ ಹುಟ್ಟುವ ಮುಂಚೆ ಹೊಡೆಯುವಂತಿಲ್ಲ, ಆದ್ದರಿಂದ ಬೆಳಕಾಗುವುದನ್ನು ಕಾಯುತ್ತ ಹೊಲದ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೂತೆವು. ಟಕೆದಾ ಸಾನ್ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೊಲದಂಚಿಗೆ ನಡೆದುಹೋಗಿ ಮೊಣಕಾಲೂರಿದರು. ದಿಬ್ಬದ ಮೇಲೆ ಒಂದು ಗಂಡು ಜಿಂಕೆ ಬಂದು ನಿಂತಿತು. ನಮ್ಮ ಕಡವೆಯಷ್ಟು ದೊಡ್ಡದು. ಅವರು ಕೋವಿ ಎತ್ತಿದರು. ನಾನು ಮಗುವಿನ ಕಿವಿಮುಚ್ಚಿಯ ಮೇಲೆ ನನ್ನ ಕೈಯನ್ನೂ ಒತ್ತಿದೆ. ಅವರು ಕೋವಿ ಇಳಿಸಿದರು. ತೋಟೆ ಹೊರತೆಗೆದು ಜೇಬಿಗೆ ಹಾಕಿಕೊಂಡು, ನಡೆದುಬಂದು ಕಾರಿನ ಗಾಜಿನಾಚೆ ನಿಂತು ಮಗುವಿಗೆ ಬಗ್ಗಿ ಸುಮಿಮಾಸೆನ್ ಅಂದರು.

"ಅಷ್ಟು ಹತ್ತಿರ ಇತ್ತಲ್ಲ. ಕಾಣಲಿಲ್ವ ಇವರಿಗೆ?" ಅಂದೆ.

"ಜಿಂಕೆ ಹಿಂದೆ ಬರೀ ಆಕಾಶ ಇತ್ತು ಅವ್ವ. ಮಣ್ಣಿರಲಿಲ್ಲ. ತಪ್ಪಿದರೆ ಗುಂಡು ಯಾವ ಊರಲ್ಲಿ ಹೋಗಿ ಬೀಳುತ್ತೋ. ಅಂಥದ್ದಕ್ಕೆ ಹೊಡೆಯಲ್ಲ ಇವರು."

ಅಪ್ಪನೂ ಅಷ್ಟೆ, ಒಮ್ಮೆ ಹಂದಿಯನ್ನು ಹೀಗೆಯೇ ಬಿಟ್ಟು ಬಂದು ಊರವರಿಂದ ಅನ್ನಿಸಿಕೊಂಡಿದ್ದರು.

ಆಮೇಲೆ ಕಾಲೇಜಿನಲ್ಲಿ ಯಾರಿಗೋ ಕೊರೋನಾ ಎಂದು ಪೂವಿಯನ್ನು ಮನೆಯಲ್ಲೇ ಕೂರಿಸಿದರು. ಅದು ಮುಗಿಯುವ ಹೊತ್ತಿಗೆ ಹಿಮಗಾಳಿ. ಹಿಮಗಾಳಿ ನಿಲ್ಲುವ ಹೊತ್ತಿಗೆ, ಊರಿಗೆ ಹೋಗುವ ವಿಶೇಷ ವಿಮಾನದಲ್ಲಿ ನನಗೊಂದು ಸೀಟು ಸಿಕ್ಕಿತೆಂದು ಅಳಿಯನ ಫೋನು. ಹತ್ತು ತಿಂಗಳಿಂದ ಯಾವ ಸೀಟಿಗಾಗಿ ಕಾದಿದ್ದೆನೋ ಅದು ಸಿಕ್ಕಿದಾಗ ನಾನು, "ಇನ್ನೊಂದು ವಾರ ಬಿಟ್ಟು ಸಿಗಲ್ವಾ?" ಎಂದು ಕೇಳಿದೆ.

"ಅತ್ತೆ, ಇದು ಮ್ಯಾಟಿನಿ ಶೋ ಅಲ್ಲ" ಅಂದ.

ಹೊರಡುವ ಮುಂಚೆ ಒಂದೇ ಒಂದು ಭಾನುವಾರ ಉಳಿದಿತ್ತು. ಜನವರಿ. ಗಾಳಿಯಿಲ್ಲ, ಮೋಡವಿಲ್ಲ, ಮೂಗಿನೊಳಗಿನ ಕೂದಲೂ ಗಟ್ಟಿಯಾಗುವ ಚಳಿ. ಹೊಲವೆಲ್ಲ ಬೆಳ್ಳಗೆ ಬಟ್ಟೆ ಹಾಸಿದ ಹಾಗೆ. ಕಾವೇರಿಯನ್ನು ಪದರ ಪದರವಾಗಿ ಸುತ್ತಿ, ಕಿವಿಮುಚ್ಚಿ ಹಾಕಿ, ಕೋಸಿನ ಗಡ್ಡೆಯ ಹಾಗೆ ಮಾಡಿ ಕೂರಿಸಿದ್ದೆವು. ಅವಳು ಕಾರು ಹೊರಟ ಕೂಡಲೆ ನಿದ್ದೆ ಹೋದಳು.

"ಏಳಿಸು" ಅಂದೆ.

"ಏಳಿಸಿದ್ರೆ ನೀನೇ ಸಮಾಧಾನ ಮಾಡಬೇಕು" ಅಂದಳು ಪೂವಿ.

ಏಳಿಸಲಿಲ್ಲ. ಈ ಸಲ ಜಿಂಕೆಗಳು ಗುಡ್ಡದ ಬುಡದಲ್ಲಿ, ಎಲೆ ಉದುರಿದ ಮರಗಳ ಕೆಳಗೆ ಹಿಮ ಕೆದಕುತ್ತಿದ್ದವು. ಹಿಂದೆ ಗುಡ್ಡವಿಡೀ ಮಣ್ಣು. ಟಕೆದಾ ಸಾನ್ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಿಲ್ಲುವುದು. ಕೊನೆಗೆ ಹಿಮದಲ್ಲಿ ಕೂತರು. ಕೂತವರು ಒಮ್ಮೆ ಹಿಂದಕ್ಕೆ ತಿರುಗಿ ನಮ್ಮ ಕಾರಿನ ಕಡೆ ನೋಡಿದರು. ನಾನು ಗಾಜಿನೊಳಗಿಂದಲೇ ಒಂದು ಬೆರಳೆತ್ತಿ ತೋರಿಸಿದೆ.

ಆ ಸದ್ದನ್ನು ನಾನು ಬಾಲ್ಯದ ಮೇಲೆ ಕೇಳಿರಲಿಲ್ಲ. ಸಣ್ಣ ಕೋವಿ ಚಟ್ ಎನ್ನುತ್ತದೆ. ಇದು ಹಾಗಲ್ಲ, ನೆಲದೊಳಗಿಂದ ಎದ್ದು ಬಂದು ಎದೆಗೆ ಗುದ್ದುತ್ತದೆ. ಗುಡ್ಡಕ್ಕೆ ಬಡಿದು ವಾಪಸು ಬಂತು, ಆಚೆ ಎಲ್ಲೋ ಹೋಗಿ ಮತ್ತೆ ಬಂತು. ಮರದ ಕೊಂಬೆಗಳಿಂದ ಹಿಮ ಸುರಿಯಿತು. ಜಿಂಕೆ ನಿಂತಲ್ಲೇ ಮಂಡಿಯೂರಿ ಬಿತ್ತು. ಎರಡನೆಯ ಈಡಿಗೆ ಕೆಲಸವಿರಲಿಲ್ಲ. ಒಂದೇ. ಒಂದೇ ಆಗಬೇಕಿತ್ತು, ಎರಡಾದರೆ ಅರ್ಥವೇ ಬೇರೆ. ಅದನ್ನು ನಾನು ಅವರಿಗೆ ಹೇಳಿರಲಿಲ್ಲ, ಹೇಳಿದ್ದರೆ ಗುರಿ ತಪ್ಪುತ್ತಿತ್ತೇನೋ.

ಕಾವೇರಿ ಎಚ್ಚರಗೊಂಡು ಅಳತೊಡಗಿದಳು. ಚೆನ್ನಾಗಿಯೇ ಅತ್ತಳು, ಕಾರಿನ ಗಾಜೆಲ್ಲ ಆವಿ ಕಟ್ಟುವಷ್ಟು. ಪೂವಿ ಅವಳನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ನಗುತ್ತಿದ್ದಳು.

"ಕೇಳಿಸ್ತಲ್ಲ ಅವ್ವ? ಸಾಕಾ ಈಗ?"

"ಸಾಕು" ಅಂದೆ. "ನಿನಗೂ ಸೇರಿಸಿಯೇ ಹೊಡೆಸಿದ್ದು ಅಂದುಕೋ."

ಅವಳು ನನ್ನನ್ನು ನೋಡಿ, ಮಗುವನ್ನು ಇನ್ನೊಂದು ಭುಜಕ್ಕೆ ಬದಲಿಸಿದಳು. ಕೊಡಗಿನಲ್ಲಾಗಿದ್ದರೆ ಸದ್ದು ಕೇಳಿ ಜನ ಬರುತ್ತಿದ್ದರು. ಇಲ್ಲಿ ಎರಡು ಕಾಗೆ ಬಂದವು.

ನಾವು ನಡೆದು ಹೋಗುವಷ್ಟರಲ್ಲಿ ಟಕೆದಾ ಸಾನ್ ಜಿಂಕೆಯ ಮುಂದೆ ಕೈಮುಗಿದು ನಿಂತಿದ್ದರು. ಆಮೇಲೆ ತಾವು ಕೂತಿದ್ದ ಜಾಗಕ್ಕೆ ವಾಪಸು ಬಂದು ಹಿಮದಲ್ಲಿ ಏನನ್ನೋ ಹುಡುಕಿದರು. ಖಾಲಿ ತೋಟೆ. ಕೋವಿಯಿಂದ ಹೊರಬಿದ್ದಾಗ ಬಿಸಿಯಿರುತ್ತದಲ್ಲ, ಹಿಮವನ್ನು ಕರಗಿಸಿಕೊಂಡು ಸೀದಾ ಕೆಳಗೆ ಇಳಿದುಹೋಗಿತ್ತು. ತೋಳಿನವರೆಗೆ ಕೈ ತೂರಿಸಿ ತೆಗೆದರು. ಒರೆಸಲಿಲ್ಲ. ಎರಡು ಕೈಯಲ್ಲೂ ಹಿಡಿದು ಕಾವೇರಿಯ ಮುಂದೆ ಬಗ್ಗಿದರು. ಅಳು ನಿಲ್ಲಿಸಿದ ಅವಳು ಅದನ್ನು ಹಿಡಿದು ಬಾಯಿಗೆ ಹಾಕಲು ಹೋದಳು, ಪೂವಿ ಕಸಿದುಕೊಂಡಳು.

"ಅವರಿಗೆ ವಾಪಸು ಕೊಡು. ಮತ್ತೆ ತುಂಬಲು ಬೇಕಾಗುತ್ತೆ" ಅಂದೆ. ತುಂಬುವವರು ಒಳ್ಳೆಯ ಖಾಲಿ ತೋಟೆಯನ್ನು ಯಾರಿಗೂ ಕೊಡುವುದಿಲ್ಲ. ನನಗೆ ಗೊತ್ತು, ಅಪ್ಪ ಒಂದಕ್ಕಾಗಿ ಇಡೀ ದಿನ ಲಂಟಾನದ ಪೊದೆಯಲ್ಲಿ ಹುಡುಕಿದ್ದುಂಟು.

ಪೂವಿ ಕೇಳಿ ತಿರುಗಿ ಹೇಳಿದಳು. "ಇನ್ನು ತುಂಬಲ್ವಂತೆ. ಇದೇ ಕೊನೇದಂತೆ. ಕರಡಿಗೆ ಅಂತ ಎರಡು ಉಳಿದಿವೆ, ಅದನ್ನ ಕೋವಿ ಜೊತೆಗೇ ಒಪ್ಪಿಸ್ತಾರಂತೆ. ಇದು ಕಾವೇರಿದು."

ಮಾಂಸ ಪಾಲು ಮಾಡುವಾಗ ನಾನು ನಮ್ಮ ಪದ್ಧತಿ ಹೇಳಿದೆ. ಹೊಡೆದವರಿಗೊಂದು ಪಾಲು, ಕೋವಿಗೊಂದು, ಬೇಟೆಯಲ್ಲಿ ನಿಂತಿದ್ದವರಿಗೆಲ್ಲ ಒಂದೊಂದು. ಟಕೆದಾ ಸಾನ್ ತಲೆದೂಗಿ ಮಗುವಿಗೂ ಒಂದು ಪಾಲು ಎತ್ತಿಟ್ಟರು. ಅವಳಿಗೆ ಇನ್ನೂ ಎರಡೇ ಹಲ್ಲು. ಅವಳ ಪಾಲನ್ನು ನಾನೇ ತಿಂದೆ. ಊರಿಂದ ತಂದಿದ್ದ ಕಾಚಂಪುಳಿ ಹಾಕಿ, ಮೆಣಸು ಕುಟ್ಟಿ ಹಾಕಿ ಬೇಯಿಸಿದೆ. ಕಾಚಂಪುಳಿ ನಮ್ಮ ಕಡೆಯ ಕಪ್ಪು ಹುಳಿ, ಹುಣಸೆಯ ಹಾಗಲ್ಲ, ಇದರಿಂದ ಏನೂ ಕೆಡುವುದಿಲ್ಲ. ಟಕೆದಾ ಸಾನ್ ಬಾಗಿಲಾಚೆ ಕುರ್ಚಿ ಹಾಕಿಕೊಂಡು, ತಲೆಯ ಟವೆಲಿನಿಂದ ಬೆವರು ಒರೆಸುತ್ತ, ಎರಡು ಸಲ ಹಾಕಿಸಿಕೊಂಡರು. ಅಳಿಯ ಫೋನಿನೊಳಗಿಂದ ನೋಡಿ, "ನನ್ನ ಪಾಲು ಕೋವಿಗೇ ಕೊಡಿ ಅತ್ತೆ" ಅಂದ.

ಮರುವಾರ ನಾನು ವಿಮಾನ ಹತ್ತಿದೆ. ಖಾಲಿ ತೋಟೆಯನ್ನು ಕೊಂಡೊಯ್ಯಲು ಪೂವಿ ಬಿಡಲಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆಂದು. ಅದು ಈ ಮನೆಯಲ್ಲೇ, ದೀಪದ ಪಕ್ಕದಲ್ಲೇ ಉಳಿಯಿತು.

ಈ ಸಲ ಬಂದ ಮಾರನೆಯ ದಿನವೇ ಹೊಲ ದಾಟಿ ಹೋಗಿ ಬಂದೆ. ಕೋವಿಯ ಬೀರು ಇದ್ದ ಜಾಗದಲ್ಲಿ ಈಗ ಕುಂಬಳಕಾಯಿ ಪೇರಿಸಿದ್ದಾರೆ. ಹಳದಿ ಟೇಪು ಸವೆದುಹೋಗಿದೆ. ದಾಟಿ ಒಳಗೆ ಕೂತೆ, ಯಾರೂ ದಮೆ ಅನ್ನಲಿಲ್ಲ. ನಾನು ಕೆಡಿಸಿದ ಗುಲಾಬಿ ತೋಟೆಗಳು ಕಿಟಕಿಯ ಅಂಚಿನಲ್ಲಿ ಹಾಗೆಯೇ ಸಾಲಾಗಿ ನಿಂತಿವೆ, ಒಂದೊಂದರಲ್ಲೂ ಒಂದು ಒಣ ಹೂವು. ಕಿರೇಯಿ ಅಂದದ್ದು ಪೂರ್ತಿ ಸುಳ್ಳಲ್ಲವೇನೋ. ಟಕೆದಾ ಸಾನ್ ಚಹಾ ಕೊಟ್ಟರು. ಕಣ್ಣು ಇನ್ನಷ್ಟು ಮಂಜಾಗಿದೆ, ಊಟ ಚೆನ್ನಾಗಿ ಮಾಡುತ್ತಾರೆ. ಈಗಲೂ ನಮಗೆ ಭಾಷೆಯಿಲ್ಲ.

ದೀಪ ಉಜ್ಜಿ ಮುಗಿಸಿ ಒರೆಸುತ್ತಿದ್ದಾಗ ಕಾವೇರಿ ಶಿಶುವಿಹಾರದಿಂದ ಬಂದಳು. ಸ್ಟೂಲು ಎಳೆದು ಪಕ್ಕದಲ್ಲಿ ಹತ್ತಿ ನಿಂತಳು. ಹೊಳೆಯುವ ದೀಪಗಳನ್ನು ನೋಡಿದಳು, ಅವುಗಳ ನಡುವೆ ಕಪ್ಪಗೆ ನಿಂತಿದ್ದ ಆ ತೋಟೆಯನ್ನು ನೋಡಿದಳು. ಎತ್ತಿ ನನ್ನ ಹುಣಸೆ ನೀರಿನ ಬಟ್ಟಲಿನ ಮೇಲೆ ಹಿಡಿದಳು.

"ಅಜ್ಜಿ, ಇದು ಕಿತನಾಯ್. ವಾಷ್ ಮಾಡು."

ಕಿತನಾಯ್ ಎಂದರೆ ಕೊಳಕು. ನಾನು ಅವಳ ಕೈ ಹಿಡಿದು ಬಟ್ಟಲಿನಿಂದ ಆಚೆ ಸರಿಸಿದೆ.

"ಅದು ಕೊಳೆ ಅಲ್ಲ ಕಣೇ. ನಿನ್ನ ಈಡಿನ ಹೊಗೆ."

ಅವಳಿಗೆ ಎಷ್ಟು ಅರ್ಥವಾಯಿತೋ. ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ, ಒರೆಸದೆ, ಮತ್ತೆ ದೀಪದ ಪಕ್ಕದಲ್ಲೇ ಇಟ್ಟಳು.